ನಿಶಾಳ ಬುದ್ಧಿಹಲ್ಲು ಮತ್ತು ನನ್ನ ಕೊಡಬಳೆ

ಹಲ್ಲು ಕೀಳಿ ಎಂದು ಹಲ್ಲಿನ ಡಾಕ್ಟರ ಹತ್ತಿರ ಹೋದರೆ "ಕೀಳುವುದಿಲ್ಲ" ಎನ್ನುತ್ತಾರೆ! ಇದಕ್ಕೇನು ಹೇಳುತ್ತೀರಿ? ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ಕೂತವನಿಗೆ "ನಿಮ್ಮ ಕೂದಲು ಚೆನ್ನಾಗಿಯೇ ಇದೆ, ಎದ್ದು ಮನೆಗೆ ಹೋಗಿ" ಎಂದರೆ ಹೇಗಿರುತ್ತದೆ? ನನಗೆ ಹಾಗಾಯಿತು. ಮೈಯೆಲ್ಲ ಉರಿದುಹೋಯಿತು. ಇದನ್ನು ಬರೆಯುವಾಗಲೂ ಉರಿಯುತ್ತಿದೆ. (ಮೈಯಷ್ಟೇ ಅಲ್ಲ, ಎಡ ದವಡೆಯೂ ಉರಿಯುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.)

ಮೊದಲಿಂದ ಹೇಳುತ್ತೇನೆ. ನಾನು ವಸುಂಧರಾ, ಮೈಸೂರಿನ ಸರಸ್ವತಿಪುರಂನವಳು. ಈಗ ಅಪ್ಪರ್ ಹಟ್‌ನವಳು. ವೆಲಿಂಗ್ಟನ್‌ನಿಂದ ಹೊರಟ ಲೋಕಲ್ ರೈಲು ಇನ್ನು ಮುಂದೆ ಹೋಗಲಾರೆ ಎಂದು ನಿಂತುಬಿಡುವ ಊರು ಇದು. ಯಜಮಾನರ ಹೆಸರು ಬದರಿನಾಥ್. ದಿನವೂ ಆ ರೈಲಿನಲ್ಲಿ ಹೋಗಿ, ಕಂಪ್ಯೂಟರ್ ಮುಂದೆ ಕೂತು, ಅದೇ ರೈಲಿನಲ್ಲಿ ವಾಪಸು ಬರುತ್ತಾರೆ. ಮಾತು ಕಡಿಮೆ. (ಮನೆಯಲ್ಲಿ ಒಬ್ಬರು ಮಾತಾಡಿದರೆ ಸಾಕು ಎಂದು ನಮ್ಮಲ್ಲಿ ಒಪ್ಪಂದವಾಗಿದೆ.) ಒಬ್ಬಳೇ ಮಗಳು ನಿಶಾ. ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಅರ್ಧಂಬರ್ಧ ಕನ್ನಡದಲ್ಲಿ. ಬರುವ ಜನವರಿಗೆ ಅವಳಿಗೆ ಹದಿನೆಂಟು ತುಂಬುತ್ತದೆ. ಫೆಬ್ರವರಿಯಲ್ಲಿ ಓದಲು ಡನೀಡಿನ್‌ಗೆ ಹೊರಡುತ್ತಾಳೆ.

ಡನೀಡಿನ್ ಎಂದರೆ ಏನು ಪಕ್ಕದ ಬೀದಿಯೇ? ಸಮುದ್ರ ದಾಟಬೇಕು. ದಕ್ಷಿಣ ದ್ವೀಪದ ಕೆಳತುದಿ. ಅಲ್ಲಿಂದಾಚೆ ಪೆಂಗ್ವಿನ್‌ಗಳು, ಮಂಜುಗಡ್ಡೆ. ಅಂಥ ಊರಿನಲ್ಲಿ, ಹೀಟರ್ ಹಾಕದ ಫ್ಲ್ಯಾಟಿನಲ್ಲಿ, ಹೆಸರೇ ಕೇಳಿರದ ಫ್ಲ್ಯಾಟ್‌ಮೇಟ್‌ಗಳ ನಡುವೆ ನನ್ನ ಮಗಳಿಗೆ ರಾತ್ರಿ ಹೊತ್ತು ಹಲ್ಲುನೋವು ಬಂದರೆ ಲವಂಗ ಇಡುವವರು ಯಾರು? ಕನ್ನಡ ಕೂಟದ ಸುಶೀಲಾ ಅವರ ಮಗ ಶ್ರೀವತ್ಸನಿಗೆ ಹೀಗೇ ಆಗಿತ್ತು. ಡನೀಡಿನ್‌ನಲ್ಲಿ, ಪರೀಕ್ಷೆಯ ಹಿಂದಿನ ದಿನ, ಬುದ್ಧಿಹಲ್ಲು ಎದ್ದು ಮುಖ ಕುಂಬಳಕಾಯಿ ಆಗಿತ್ತಂತೆ. ಸುಶೀಲಾ ಅವರೇ ಯುಗಾದಿ ಊಟದ ಸಾಲಿನಲ್ಲಿ ಕಣ್ಣೀರು ಹಾಕಿಕೊಂಡು ಹೇಳಿದ್ದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ.

ಬುದ್ಧಿಹಲ್ಲಿನ ನೋವು ಎಂಥದ್ದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. (ನನ್ನ ಎಡಗಡೆಯ ಮೇಲಿನ ಹಲ್ಲೊಂದು ಆಗಾಗ ತರಲೆ ಮಾಡುತ್ತದೆ. ಅದು ಬೇರೆ ವಿಷಯ. ಅದನ್ನು ಊರಿಗೆ ಹೋದಾಗ ನೋಡಿಕೊಳ್ಳುವುದು ಅಂತ ಇದೆ.)

"ಊರಿಗೆ ಹೋದಾಗ" ಎಂಬುದು ಇಲ್ಲಿಯ ಕನ್ನಡಿಗರ ಸಮಸ್ತ ಕಾಯಿಲೆಗಳಿಗೂ ಇರುವ ಏಕೈಕ ಔಷಧ. ಈ ದೇಶದಲ್ಲಿ ದೊಡ್ಡವರು ಹಲ್ಲಿನ ಡಾಕ್ಟರ ಬಾಗಿಲು ತಟ್ಟಿದರೆ ಹಲ್ಲಿಗಿಂತ ಮೊದಲು ಜೇಬು ನೋಯುತ್ತದೆ. ಹಾಗಾಗಿ ವೆಲಿಂಗ್ಟನ್ ಸುತ್ತಮುತ್ತ ಎಷ್ಟೋ ಕನ್ನಡ ಬಾಯಿಗಳಲ್ಲಿ ಹುಳುಕು ಹಲ್ಲುಗಳು ಟಿಕೆಟ್ ಬುಕ್ ಆಗುವುದನ್ನೇ ಕಾಯುತ್ತ ಕೂತಿವೆ. ಮಕ್ಕಳ ವಿಷಯ ಹಾಗಲ್ಲ. ಹದಿನೆಂಟು ತುಂಬುವವರೆಗೂ ಸರ್ಕಾರವೇ ನೋಡಿಕೊಳ್ಳುತ್ತದೆ. ಅಂದಮೇಲೆ ತಾಯಿಯಾದವಳು ಏನು ಮಾಡಬೇಕು? ಜನವರಿಯೊಳಗೆ ನಾಲ್ಕೂ ಬುದ್ಧಿಹಲ್ಲು ಕೀಳಿಸಿ, ಮಗಳನ್ನು ನಿಶ್ಚಿಂತೆಯಾಗಿ ಡನೀಡಿನ್‌ಗೆ ಕಳಿಸಬೇಕು. ನಾನು ಯೋಚಿಸಿದ್ದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಅಪ್ಪರ್ ಹಟ್‌ನ ಡಾಕ್ಟರ ಹತ್ತಿರ ಹೋದೆವು. ಹೆಸರು ಬೇಡ. ಆರಡಿ ಎತ್ತರದ ಆಸಾಮಿ, ಹೊರಗೆ ಚಳಿಗಾಳಿ ಬೀಸುತ್ತಿದ್ದರೂ ಶಾರ್ಟ್ಸ್ ಹಾಕಿಕೊಂಡಿದ್ದ. ಎಕ್ಸ್‌ರೇ ತೆಗೆದ, ನೋಡಿದ, ನಕ್ಕ. "ಸುಂದರವಾದ ಹಲ್ಲುಗಳು. ಬುದ್ಧಿಹಲ್ಲು ಯಾವ ತೊಂದರೆಯನ್ನೂ ಕೊಡುತ್ತಿಲ್ಲ. ಹಾಗೇ ಬಿಡೋಣ" ಎಂದ.

"ನೋ, ನೋ, ರಿಮೂವ್ ಆಲ್ ಫೋರ್" ಎಂದೆ ನಾನು.

ಅವನು ನನ್ನ ಕಡೆ ನೋಡಲೇ ಇಲ್ಲ! ನಿಶಾಳ ಕಡೆ ತಿರುಗಿ, "ನಿನಗೇನನ್ನಿಸುತ್ತದೆ?" ಎಂದು ಕೇಳಿದ. ಈ ದೇಶದಲ್ಲಿ ಹದಿನಾರು ದಾಟಿದವರ ಹಲ್ಲಿನ ವಿಚಾರ ಅವರದೇ ಅಂತೆ! ಹೆತ್ತವಳು ನಾನು. ಆ ಹಲ್ಲುಗಳಿಗೆ ಬೆಳಿಗ್ಗೆ ಸಂಜೆ ರಾಗಿ ಮಾಲ್ಟ್ ಕುಡಿಸಿ ಬೆಳೆಸಿದವಳು ನಾನು. ನಿರ್ಧಾರ ಮಾತ್ರ ಅವಳದು!

"ಐ ವುಡ್ ಲೈಕ್ ಟು ಕೀಪ್ ದೆಮ್, ಥ್ಯಾಂಕ್ಸ್" ಎಂದಳು ನಿಶಾ, ಅಂಗಡಿಯಲ್ಲಿ ವಾಪಸು ಬಂದ ಚಿಲ್ಲರೆ ಇಟ್ಟುಕೊಳ್ಳುವವಳ ಹಾಗೆ.

"ಸ್ವೀಟ್ ಆಸ್!" ಎಂದು ಶಾರ್ಟ್ಸ್ ಡಾಕ್ಟರು ಕೈ ತೊಳೆದುಕೊಂಡ. (ಇಲ್ಲಿಯವರ ಬಾಯಲ್ಲಿ ಹಾಗೆಂದರೆ 'ಭೇಷ್, ಹಾಗೇ ಆಗಲಿ' ಎಂದರ್ಥ.)

ಮನೆಗೆ ಬಂದು ನಾನು ಕೂಗಾಡಿದ್ದು ಪಕ್ಕದ ಮನೆಯವರ ನಾಯಿಗೂ ಕೇಳಿರಬೇಕು, ಅವತ್ತೆಲ್ಲ ಅದು ಬೇಲಿ ಹತ್ತಿರ ಬರಲಿಲ್ಲ.

"ಅವನೂ ಒಬ್ಬ ಡಾಕ್ಟ್ರಾ? ಡಾಕ್ಟ್ರು ಅಂದ್ರೆ ನಮ್ಮ ಶ್ರೀಪಾದ!" ಎಂದೆ.

ಶ್ರೀಪಾದ ನನ್ನ ದೊಡ್ಡಮ್ಮನ ಮಗ, ಮೈಸೂರಿನಲ್ಲಿ ಡೆಂಟಿಸ್ಟು. ಹಿಂದೊಮ್ಮೆ ಊರಿಗೆ ಹೋದಾಗ ನಮ್ಮ ಯಜಮಾನರು ಹಲ್ಲು ಕ್ಲೀನ್ ಮಾಡಿಸಲು ಅವನಲ್ಲಿಗೆ ಹೋಗಿದ್ದರು. "ಹೇಗೂ ಬಂದಿದೀರಲ್ಲ ಭಾವ, ಮತ್ತೆ ಯಾವಾಗ ಬರ್ತೀರೋ ಏನೋ, ನಾಲ್ಕೂ ಬುದ್ಧಿಹಲ್ಲು ತೆಗೆದುಬಿಡ್ತೀನಿ" ಎಂದನಂತೆ. ಇವರು ಬಾಯಿ ತೆರೆದುಕೊಂಡೇ ಇದ್ದರಲ್ಲ, ಬೇಡ ಎನ್ನಲು ಆಗಲಿಲ್ಲ. ಒಂದೇ ಮಧ್ಯಾಹ್ನ ನಾಲ್ಕನ್ನೂ ಕಿತ್ತು ಪೊಟ್ಟಣ ಕಟ್ಟಿ ಕೈಗೆ ಕೊಟ್ಟ. ಆ ಪ್ರವಾಸದ ಮಿಕ್ಕ ದಿನಗಳೆಲ್ಲ ಇವರು ಗಂಜಿ ಕುಡಿದುಕೊಂಡು ಮದುವೆಮನೆಗಳಲ್ಲಿ ಸುಮ್ಮನೆ ಕೈಮುಗಿದು ನಿಂತಿದ್ದರು.

"ದಟ್ಸ್ ಹಾರಿಬಲ್! ಅಪ್ಪ ಡಿಡಂಟ್ ಈವನ್ ಕನ್ಸೆಂಟ್!" ಎಂದಳು ನಿಶಾ.

"ಅವನು ನನ್ನ ದೊಡ್ಡಮ್ಮನ ಮಗ ಕಣೇ, ಅವನಿಗ್ಯಾಕೆ ಕನ್ಸೆಂಟು?"

"ಅಮ್ಮಾ, ವೇರ್ ಇಸ್ ದಿ ಎವಿಡೆನ್ಸ್? ಪೇನ್ ಇಲ್ಲದ ಟೂತ್ ಯಾಕೆ ತೆಗೀಬೇಕು?"

"ಎವಿಡೆನ್ಸಾ? ಶ್ರೀವತ್ಸ ಇಲ್ವಾ? ಮುಖ ಕುಂಬಳಕಾಯಿ ಆಗಿರ್ಲಿಲ್ವಾ?"

"ಒನ್ ಪರ್ಸನ್ ಇಸ್ ನಾಟ್ ಎವಿಡೆನ್ಸ್, ಅಮ್ಮಾ."

"ಓಹೋ, ಎಷ್ಟು ಜನರ ಮಕ್ಕಳ ಮುಖ ಊದಬೇಕಮ್ಮ ನಿನಗೆ? ಹೇಳು, ಕನ್ನಡ ಕೂಟದಲ್ಲಿ ಅನೌನ್ಸ್ ಮಾಡ್ತೀನಿ!" ಎಂದು ಇವರ ಕಡೆ ತಿರುಗಿದೆ. "ರೀ, ಏನಾದ್ರೂ ಹೇಳ್ರೀ!"

ಇವರು ಪೇಪರಿನಿಂದ ತಲೆ ಎತ್ತಿ, "ಅವಳು ಹೇಳೋದೂ ಸರಿ, ನೀನು ಹೇಳೋದೂ ಸರಿ. ಇನ್ನೊಬ್ಬ ಡಾಕ್ಟ್ರನ್ನ ಕೇಳಬಹುದಲ್ಲ" ಎಂದರು. ಈ ಮನುಷ್ಯನ ಬಾಯಿಂದ ಅಪರೂಪಕ್ಕೊಂದು ಉಪಯೋಗದ ಮಾತು ಬಂತು. ನನಗೆ ಥಟ್ಟನೆ ಗುಡ್ಡದಾಚೆಯ ಊರು ಪೊರಿರುವಾದ ಡಾಕ್ಟರ್ ಯಾಮಿನಿಯ ನೆನಪಾಯಿತು. ಧಾರವಾಡದ ಹುಡುಗಿ. ಅಲ್ಲಿ ಡೆಂಟಲ್ ಓದಿ, ಇಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾಗಿ, ಪೊರಿರುವಾದಲ್ಲಿ ಕ್ಲಿನಿಕ್ ಇಟ್ಟಿದ್ದಾಳೆ. ರಾಜ್ಯೋತ್ಸವದಲ್ಲಿ ನನ್ನ ಪಕ್ಕದಲ್ಲೇ ಕೂತು ಹೋಳಿಗೆ ತಿಂದಿದ್ದಾಳೆ. ನಮ್ಮವಳು! ನಮ್ಮವರಿಗೆ ನಮ್ಮವರ ಕಷ್ಟ ಅರ್ಥವಾಗದೇ ಇರುತ್ತದೆಯೇ? ಮುಖ ನೋಡಿದ ಮೇಲೆ ದಾಕ್ಷಿಣ್ಯಕ್ಕಾದರೂ ನಾಲ್ಕು ಹಲ್ಲು ಕೀಳದೇ ಇರುತ್ತಾಳೆಯೇ?

ನಿಶಾ ಒಂದು ಷರತ್ತು ಹಾಕಿದಳು. "ಫೈನ್. ಬಟ್ ಅವರೂ ನೋ ಅಂದ್ರೆ ಯು ಸ್ಟಾಪ್. ಫಾರೆವರ್. ಪ್ರಾಮಿಸ್?"

"ಪ್ರಾಮಿಸ್" ಎಂದೆ. ಧೈರ್ಯವಾಗಿಯೇ ಎಂದೆ. ಯಾಕೆಂದರೆ ನನ್ನ ತಲೆಯಲ್ಲಿ ಆಗಲೇ ಕೊಡಬಳೆ ಬಂದಾಗಿತ್ತು.

ಡಾಕ್ಟರ ಹತ್ತಿರ ಬರಿಗೈಯಲ್ಲಿ ಹೋಗುವುದು ನಮ್ಮ ಮನೆತನದಲ್ಲೇ ಇಲ್ಲ. ನಮ್ಮಮ್ಮ ಕಣ್ಣಿನ ಡಾಕ್ಟರಿಗೆ ಚಕ್ಕುಲಿ, ಮೂಳೆ ಡಾಕ್ಟರಿಗೆ ಹುರಿಗಾಳು ಕೊಡುತ್ತಿದ್ದಳು. ನನ್ನ ಕೊಡಬಳೆಯಂತೂ ವೆಲಿಂಗ್ಟನ್ ಕನ್ನಡ ಕೂಟದಲ್ಲಿ ಪ್ರಸಿದ್ಧ. ಶನಿವಾರ ಬೆಳಿಗ್ಗೆಯೇ ಅಕ್ಕಿಹಿಟ್ಟು, ಚಿರೋಟಿ ರವೆ, ಕಾಯಿತುರಿ, ಒಣಮೆಣಸಿನಕಾಯಿ ಎಲ್ಲ ಹರವಿಕೊಂಡು ಕೂತೆ. ಕಲಸುತ್ತಿರುವಾಗ ನಿಶಾ ಅಡುಗೆಮನೆಗೆ ಬಂದು, "ಅಮ್ಮಾ, ಇಸ್ ದಿಸ್ ಎ ಬ್ರೈಬ್?" ಎಂದು ಕೇಳಿದಳು. ಲಂಚವಂತೆ! ಹಿಟ್ಟು ಮೆತ್ತಿದ ಕೈಯಲ್ಲೇ ಅವಳಿಗೆ ನಮ್ಮ ಸಂಸ್ಕೃತಿ, ಉಪಚಾರ, ಆದರ, ಅತಿಥಿ ಸತ್ಕಾರ ಎಲ್ಲದರ ಮೇಲೂ ಪ್ರವಚನ ಮಾಡಿದೆ. ಆ ಆವೇಶದಲ್ಲಿ ಹಿಟ್ಟಿಗೆ ಕಾಯಿಸಿದ ಎಣ್ಣೆ ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಹಾಕಿರುತ್ತೇನೆ ಎಂದುಕೊಂಡು ಬಳೆ ಸುತ್ತಿ ಕರಿದೆ. ಬಣ್ಣ ಮಾತ್ರ ಚಿನ್ನದಂತೆ ಬಂತು.

ಇವರಿಗೆ ರುಚಿ ನೋಡಲು ಒಂದು ಕೊಟ್ಟೆ. ಬಾಯಿಗೆ ಹಾಕಿಕೊಂಡು ಒಂದು ಕ್ಷಣ ಕಣ್ಣು ಅಗಲ ಮಾಡಿದರು. ಆಮೇಲೆ ಅದನ್ನು ಹೊರಗೆ ತೆಗೆದು ಕಾಫಿಯಲ್ಲಿ ಅದ್ದಿ ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಹೇಗಿದೆ?"

"ಚೆನ್ನಾಗಿದೆ" ಎಂದರು. ಆ ಮನುಷ್ಯ ಆಗ ಬಾಯಿಬಿಟ್ಟು ನಿಜ ಹೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. (ನಾನೇ ಒಂದು ತಿಂದು ನೋಡಬಹುದಿತ್ತು. ಆದರೆ ಎಡ ಹಲ್ಲಿಗೆ ಅವತ್ತು ಲವಂಗ ಒತ್ತಿಕೊಂಡಿದ್ದೆ. ಅದು ಬೇರೆ ವಿಷಯ.)

ಹೇವರ್ಡ್ಸ್ ಗುಡ್ಡದ ರಸ್ತೆ ಹತ್ತಿ ಇಳಿದು ಪೊರಿರುವಾ ಸೇರಿದೆವು. ಇವರು ಓಡಿಸುತ್ತಿದ್ದ ಕಾರನ್ನು ಗಾಳಿ ಪಕ್ಕಕ್ಕೆ ತಳ್ಳುತ್ತಿತ್ತು. ಹಿಂದೆ ಯೂಟ್ ಎಂಬ ಪಿಕಪ್ ಗಾಡಿಯವನೊಬ್ಬ ಹಾರ್ನ್ ಹೊಡೆಯುತ್ತಲೇ ಇದ್ದ. ಕೊಡಬಳೆ ಡಬ್ಬಿ ನನ್ನ ತೊಡೆಯ ಮೇಲೆ ಕಲ್ಲು ತುಂಬಿದ ಹಾಗೆ ಗಡಗಡ ಎನ್ನುತ್ತಿತ್ತು. ಆಗಲಾದರೂ ನನಗೆ ಹೊಳೆಯಬಾರದಿತ್ತೇ?

"ಬರ್ರಿ ಅಕ್ಕಾ, ಆರಾಮ ಅದೀರಿ?" ಎಂದು ಯಾಮಿನಿ ನಗುತ್ತ ಕರೆದಳು. ಆ 'ಅಕ್ಕಾ' ಕೇಳಿಯೇ ನನಗೆ ಅರ್ಧ ಕೆಲಸ ಆದಂತೆ ಅನ್ನಿಸಿತು. ನಿಶಾಳನ್ನು ಕುರ್ಚಿಯ ಮೇಲೆ ಮಲಗಿಸಿ ಒಂದೊಂದು ಹಲ್ಲನ್ನೂ ತಟ್ಟಿ, ತಡವಿ, ಶಾರ್ಟ್ಸ್ ಡಾಕ್ಟರ ಎಕ್ಸ್‌ರೇಯನ್ನು ದೊಡ್ಡ ಪರದೆಯ ಮೇಲೆ ಹಾಕಿ ನೋಡಿದಳು.

"ನಾಲ್ಕೂ ಛಲೋ ಅದಾವ್ರಿ. ಕೆಳಗಿನ ಎರಡು ಇನ್ನೂ ಪೂರಾ ಹೊರಗ ಬಂದಿಲ್ಲ, ಆದ್ರ ವಸಡು ಸ್ವಚ್ಛ ಐತಿ. ಏನೂ ತ್ರಾಸ ಇಲ್ಲ. ಇವನ್ನ ಯಾಕ ತಗೀಬೇಕ್ರಿ?"

"ಮುಂದೆ ತೊಂದರೆ ಕೊಡುತ್ತಲ್ಲಮ್ಮ?"

"ಕೊಡಬಹುದ್ರಿ. ಕೊಡದನೂ ಇರಬಹುದು. ತ್ರಾಸ ಇಲ್ಲದ ಬುದ್ಧಿಹಲ್ಲನ್ನ ಮುಂಜಾಗ್ರತೆ ಅಂತ ಕಿತ್ತರ ಒಳ್ಳೇದಾಗ್ತದ ಅನ್ನಾಕ ಗಟ್ಟಿ ಪುರಾವೆ ಇಲ್ಲರೀ."

ಇಲ್ಲೂ ಪುರಾವೆ! "ಕೀಳದೇ ಇದ್ರೆ ಒಳ್ಳೇದಾಗುತ್ತೆ ಅನ್ನೋಕೆ ಪುರಾವೆ ಇದೆಯಾ?" ಎಂದು ಪಾಯಿಂಟ್ ಹಾಕಿದೆ.

"ಅದಕ್ಕೂ ಗಟ್ಟಿ ಪುರಾವೆ ಇಲ್ರಿ."

"ಅಂದ್ರೆ ನಿಮಗೆ ಗೊತ್ತಿಲ್ಲ ಅಂತಾಯ್ತು!"

"ಹೌದ್ರಿ ಅಕ್ಕಾ, ಗೊತ್ತಿಲ್ಲ. ಗೊತ್ತಿಲ್ಲದಾಗ ಹುಡುಗಿ ದವಡಿ ಕೊರಿಯೂದು ಹೆಂಗ? ಇಲ್ಲಿ ನೋಡ್ರಿ, ಕೆಳಗಿನ ಹಲ್ಲಿನ ಬೇರಿನ ಬಾಜೂಕ ನರ ಹೋಗೇತಿ. ಅದಕ್ಕ ಪೆಟ್ಟಾದ್ರ ತುಟಿ ಜೋಮು ಹಿಡೀತದ, ಒಮ್ಮೊಮ್ಮೆ ಕಾಯಂ. ವರ್ಷಾ ವರ್ಷಾ ತೋರಿಸ್ಲಿ. ತ್ರಾಸ ಕೊಟ್ರ ಅವತ್ತ ತಗದ್ರಾತು."

ಗೊತ್ತಿಲ್ಲವಂತೆ! ನನ್ನ ಇಡೀ ಜನ್ಮದಲ್ಲಿ "ಗೊತ್ತಿಲ್ಲ" ಎಂದ ಡಾಕ್ಟರನ್ನು ನಾನು ನೋಡಿಲ್ಲ. ಶ್ರೀಪಾದ ಯಾವತ್ತಾದರೂ ಗೊತ್ತಿಲ್ಲ ಅಂದಿದ್ದಾನೆಯೇ? ನಿಶಾ ಕುರ್ಚಿಯ ಮೇಲಿಂದ ನನ್ನನ್ನೇ ನೋಡಿ "ಪ್ರಾಮಿಸ್" ಎಂದು ತುಟಿ ಆಡಿಸಿದಳು. ನಾನು ಬಿಡುವವಳಲ್ಲ. ಬ್ರಹ್ಮಾಸ್ತ್ರ ತೆಗೆದೆ. ಡಬ್ಬಿಯ ಮುಚ್ಚಳ ಬಿಚ್ಚಿ ಮೇಜಿನ ಮೇಲೆ ಇಟ್ಟೆ.

"ಇದೇನ್ರಿ ಅಕ್ಕಾ?"

"ಕೊಡಬಳೆ. ನಿಮಗೇಂತಲೇ ಮಾಡಿದ್ದು. ಪಾಪ, ಒಬ್ಬರೇ ಇರ್ತೀರಿ, ಇಲ್ಲಿ ಯಾರು ಮಾಡಿಕೊಡ್ತಾರೆ ಅಂತ..."

ಯಾಮಿನಿಯ ಮುಖದಲ್ಲಿ ಆಸೆ ಕಾಣಿಸಿತು. ನನ್ನಾಣೆ, ಕಾಣಿಸಿತು. ಆದರೂ ಕೈ ಹಿಂದಕ್ಕೆ ಎಳೆದುಕೊಂಡಳು. "ಪ್ರೀತೀಲೆ ತಂದೀರಿ, ಖರೆ. ಆದ್ರ ಇವತ್ತ ನೀವು ನನ್ನ ಕಡೆ ಒಂದು ಕೆಲಸ ಮಾಡಿಸ್ಕೊಳ್ಳಾಕ ಬಂದೀರಿ. ಈಗ ತಗೊಂಡ್ರ ಸರಿ ಆಗಂಗಿಲ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ."

"ಟೋಲ್ಡ್ ಯು" ಎಂದಳು ನಿಶಾ.

ನನ್ನ ಕಿವಿಯಲ್ಲಿ ಹೊಗೆ ಬಂತು. "ಏನಮ್ಮಾ, ನಮ್ಮನೆ ಕೊಡಬಳೆ ಲಂಚಾನಾ? ಅಷ್ಟು ದೂರದಿಂದ ಹೊತ್ಕೊಂಡು ಬಂದಿದೀನಿ! ನಾನೇನು ನನಗೋಸ್ಕರ ಕೇಳ್ತಿದೀನಾ? ಆ ಹುಡುಗಿ ಅಷ್ಟು ದೂರ ಹೋಗ್ತಾ ಇದೆ. ಅಲ್ಲಿ ಒಬ್ಬಳೇ ಮಲಗಿರುವಾಗ ನೋವು ಬಂದ್ರೆ ಯಾರಮ್ಮ ಲವಂಗ ಇಡ್ತಾರೆ? ನೀವು ಹೋಗ್ತೀರಾ? ಆ ಶಾರ್ಟ್ಸ್‌ನವನು ಹೋಗ್ತಾನಾ? ಶ್ರೀವತ್ಸನ ಗತಿ ಏನಾಯ್ತು ಅಂತ ಇಡೀ ವೆಲಿಂಗ್ಟನ್‌ಗೆ ಗೊತ್ತು!"

"ಅಮ್ಮಾ" ಎಂದಳು ನಿಶಾ ನಿಧಾನವಾಗಿ, "ಶ್ರೀವತ್ಸ ಫೆಲ್ ಆಫ್ ಎ ಕೌಚ್. ಅಟ್ ಎ ಪಾರ್ಟಿ. ಕೌಚ್ ವಾಸ್ ಆನ್ ದಿ ರೂಫ್."

"ಏನು?"

"ಪಾರ್ಟಿಯಲ್ಲಿ ಯಾರದೋ ಮನೆ ಛಾವಣಿ ಮೇಲೆ ಸೋಫಾ ಹತ್ತಿಸಿದ್ರಂತೆ" ಎಂದು ಇವರು ಅನುವಾದ ಮಾಡಿದರು. "ಅದರ ಮೇಲಿಂದ ಬಿದ್ದನಂತೆ. ಸುಶೀಲಾ ಅವರ ಯಜಮಾನರು ನನಗೆ ರೈಲಿನಲ್ಲಿ ಹೇಳಿದ್ರು."

ಮನೆಯ ಗಂಡಸಿಗೆ ಇದು ಗೊತ್ತಿತ್ತು, ನನಗೆ ಹೇಳಿಲ್ಲ! ನನ್ನ ಏಕಮಾತ್ರ ಪುರಾವೆ ಛಾವಣಿಯಿಂದ ಬಿದ್ದುಹೋಯಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅಷ್ಟರಲ್ಲಿ ಯಾಮಿನಿ ಸಮಾಧಾನ ಮಾಡಲು ಹೋಗಿ ಡಬ್ಬಿಯಿಂದ ಒಂದು ಕೊಡಬಳೆ ಎತ್ತಿ ನೋಡಿದಳು, ಮೇಜಿಗೆ ಮೆಲ್ಲಗೆ ತಟ್ಟಿದಳು. ಟಣ್ ಎಂದಿತು.

"ಅಲ್ರಿ ಅಕ್ಕಾ, ಹಂಗೂ ಇದು ಭಾಳ ಗಟ್ಟಿ ಆಗೇತಿ ಅಲ್ಲೇನ್ರಿ?"

ಗಟ್ಟಿ! ನನ್ನ ಕೊಡಬಳೆ ಗಟ್ಟಿ! ಮಗಳು ಮಾತು ಕೇಳಲಿಲ್ಲ, ಸಹಿಸಿದೆ. ಡಾಕ್ಟರುಗಳು ಮರ್ಯಾದೆ ಕೊಡಲಿಲ್ಲ, ಸಹಿಸಿದೆ. ಇದನ್ನು ಹೇಗೆ ಸಹಿಸಲಿ? "ಗಟ್ಟೀನಾ? ಬಾಯಲ್ಲಿಟ್ರೆ ಕರಗುತ್ತೆ, ನೋಡಿ!" ಎಂದು ಅವಳ ಕೈಯಿಂದಲೇ ಕಿತ್ತುಕೊಂಡು ಕಟಮ್ಮನೆ ಕಚ್ಚಿದೆ. ಕೋಪದಲ್ಲಿ ಎಡ ಯಾವುದು ಬಲ ಯಾವುದು ಯಾರಿಗೆ ನೆನಪಿರುತ್ತದೆ?

ಕಟ್ ಎಂಬ ಶಬ್ದ ಬಂತು. ಕೊಡಬಳೆ ಮುರಿದಿರಲಿಲ್ಲ.

ಆಮೇಲೆ ಒಂದೆರಡು ನಿಮಿಷ ನನಗೆ ಕಂಡದ್ದು ಬರೀ ಮಿಂಚು. ಕಣ್ಣು ಬಿಟ್ಟಾಗ ನಿಶಾ ಎದ್ದು ನಿಂತಿದ್ದಳು, ಅವಳ ಜಾಗದಲ್ಲಿ ನಾನು ಮಲಗಿದ್ದೆ, ಯಾಮಿನಿ ನನ್ನ ಬಾಯೊಳಗೆ ದೀಪ ಬಿಟ್ಟು ಸಣ್ಣ ಎಕ್ಸ್‌ರೇ ತೆಗೆಯುತ್ತಿದ್ದಳು.

"ಇದು ಇವತ್ತಿನ ಕಥಿ ಅಲ್ರಿ ಅಕ್ಕಾ" ಎಂದಳು. "ಮ್ಯಾಲಿನ ಬುದ್ಧಿಹಲ್ಲು. ಒಳಗಿಂದ ಪೂರಾ ಹುಳುಕಾಗೇತಿ, ಈಗ ನಡುವ ಸೀಳೇತಿ. ಬಾಜೂದ ಹಲ್ಲಿಗೂ ಹತ್ತಾಕತ್ತೇತಿ. ಮತ್ತ ಇದರಾಗ... ಇದೇನಿದು?" ಎಂದು ಚಿಮಟದಿಂದ ಏನನ್ನೋ ಹಿಡಿದು ಹೊರಗೆ ತೆಗೆದು ದೀಪದ ಕೆಳಗೆ ಹಿಡಿದಳು.

ಲವಂಗ.

ಮೂರು ಜನರೂ ಲವಂಗ ನೋಡಿದರು. ಆಮೇಲೆ ಮೂರು ಜನರೂ ನನ್ನನ್ನು ನೋಡಿದರು.

"ಯಾವಾಗಿಂದ ಇಡಾಕತ್ತೀರಿ?"

"ನವರಾತ್ರಿಯಿಂದ" ಎಂದೆ.

"ಯಾವ ವರ್ಷದ ನವರಾತ್ರಿ?" ಎಂದು ಇವರು ಕೇಳಿದರು. ಕೇಳಬೇಕಾದ್ದನ್ನು ಯಾವತ್ತೂ ಕೇಳದ ಈ ಮನುಷ್ಯನಿಗೆ ಅವತ್ತೇ ಬಾಯಿ ಬರಬೇಕಿತ್ತೇ!

"ಇದನ್ನ ತಗೀಬೇಕಾಗ್ತದ್ರಿ" ಎಂದಳು ಯಾಮಿನಿ.

ನಾನು ಕುರ್ಚಿಯಲ್ಲಿ ಎದ್ದು ಕೂತೆ. "ತೆಗೆಯೋದಾ? ಯಾಕೆ? ಪುರಾವೆ ಏನಿದೆ? ಕಾದು ನೋಡೋಣ ಅಂದ್ರಲ್ಲ ಈಗ ತಾನೇ! ವರ್ಷ ವರ್ಷ ತೋರಿಸಿದ್ರೆ ಸಾಕು ಅಂದ್ರಲ್ಲ! ನರ ಇರುತ್ತೆ, ತುಟಿ ಜೋಮು ಹಿಡಿಯುತ್ತೆ ಅಂದ್ರಲ್ಲ!"

"ತ್ರಾಸ ಕೊಡದ ಹಲ್ಲಿಗೆ ಹೇಳಿದ್ದರೀ ಅದು. ಆ ನರ ಇರೂದು ಕೆಳಗಿನ ದವಡ್ಯಾಗ. ನಿಮ್ದು ಮ್ಯಾಲಿಂದು. ಪುರಾವೆ ಇಲ್ಲೇ ಟ್ರೇದಾಗ ಐತಿ ನೋಡ್ರಿ."

ಟ್ರೇನಲ್ಲಿ ಲವಂಗವೂ ಹಲ್ಲಿನ ಚೂರೂ ಇದ್ದವು. ಅವುಗಳ ಪಕ್ಕದಲ್ಲಿ ಕೊಡಬಳೆ ಇಡಿಯಾಗಿ ಇತ್ತು.

"ಬೇಡ. ಊರಿಗೆ ಹೋದಾಗ ತೆಗೆಸ್ಕೋತೀನಿ. ಶ್ರೀಪಾದ ಇದಾನೆ."

"ಶ್ರೀಪಾದ ಬೇಡ!" ಎಂದರು ಇವರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಒಂದಕ್ಕೆ ಹೋದ್ರೆ ನಾಲ್ಕು ಕೀಳ್ತಾನೆ" ಎಂದು ದವಡೆ ಸವರಿಕೊಂಡರು.

ನಾನು ಹಟ ಹಿಡಿದೆ. ಕೈಚೀಲ ಎದೆಗೆ ಅವುಚಿಕೊಂಡು, ಏಳುತ್ತೇನೆ, ಮನೆಗೆ ಹೋಗೋಣ ಎಂದೆ. ನಿಜ ಹೇಳಬೇಕೆಂದರೆ ಭಯ. ಆ ಇಕ್ಕಳಗಳ ಭಯ. ಮಗಳಿಗೆ ನಾಲ್ಕು ಕೀಳಿ ಎಂದು ಬಾಯಿತುಂಬ ಹೇಳಿದವಳಿಗೆ ತನ್ನ ಒಂದಕ್ಕೆ ಜೀವ ಹೋಗುತ್ತಿತ್ತು.

ಆಗ ನಿಶಾ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

"ಅಮ್ಮಾ, ನಾನು ಡನೀಡಿನ್‌ಗೆ ಹೋದ್ಮೇಲೆ ರಾತ್ರಿ ನಿಂಗೆ ನೋವು ಬಂದ್ರೆ ಲವಂಗ ಯಾರು ಇಡ್ತಾರೆ?"

ಪೂರ್ತಿ ಕನ್ನಡದಲ್ಲಿ ಕೇಳಿದಳು. ಒಂದು ಪದ ಆಚೀಚೆ ಇಲ್ಲ. ನನ್ನ ಮಾತನ್ನು ನನಗೇ ತಿರುಗಿಸಿದ್ದಕ್ಕೆ ಕೋಪ ಬಂತು, ಅಳು ಬಂತು, ಅವಳೆದುರು ಅಳು ಬಂತಲ್ಲ ಎಂದು ಮತ್ತೆ ಕೋಪ ಬಂತು. ಯಾಮಿನಿ ಕೈಗವಸು ಬದಲಿಸಿಕೊಂಡಳು. ಆಮೇಲೆ, "ತಗೀಲೇನ್ರಿ ಅಕ್ಕಾ? ನೀವ ಹೇಳ್ಬೇಕು, ನಿಮ್ಮ ಹಲ್ಲು" ಎಂದಳು. ನಾನು ಅಭ್ಯಾಸಬಲದಿಂದ ಇವರ ಮುಖ ನೋಡಿದೆ. ಇವರು ಅಭ್ಯಾಸಬಲದಿಂದ ನನ್ನ ಮುಖ ನೋಡಿದರು.

"ತೆಗೀರಿ" ಎಂದೆ. ನಿಶಾಳ ಕೈಯನ್ನು ಮಾತ್ರ ಬಿಡಲಿಲ್ಲ. ಉಗುರಿನ ಗುರುತು ಇನ್ನೂ ಇದೆಯಂತೆ, ದಿನಕ್ಕೊಂದು ಸಲ ತೋರಿಸುತ್ತಾಳೆ.

ಹಲ್ಲು ಬಂತು. ಒಂದೇ ಬಂತು. ಪಕ್ಕದ್ದಕ್ಕೆ ಆಮೇಲೆ ಬಂದು ಫಿಲ್ಲಿಂಗ್ ಮಾಡಿಸಿಕೊಂಡರೆ ಸಾಕು, ಮಿಕ್ಕ ಮೂರು ಬುದ್ಧಿಹಲ್ಲು ಚೆನ್ನಾಗಿವೆ, ಅವುಗಳ ತಂಟೆಗೆ ಹೋಗುವುದು ಬೇಡ ಎಂದಳು ಯಾಮಿನಿ. ಬಾಯೊಳಗೆ ಬಟ್ಟೆಯ ಉಂಡೆ ಇಟ್ಟು, "ಅರ್ಧ ತಾಸು ಗಟ್ಟಿ ಕಚ್ಚಿ ಹಿಡೀರಿ. ಒಂದು ಮಾತೂ ಆಡಬ್ಯಾಡ್ರಿ" ಎಂದಳು.

ಇವರ ಮುಖ ದೀಪಾವಳಿಯಾಯಿತು. "ಡಾಕ್ಟ್ರೇ, ಒಂದು ಗಂಟೆ ಇಟ್ಕೊಂಡ್ರೆ ಇನ್ನೂ ಒಳ್ಳೇದಲ್ವಾ?"

"ಹಂಗೇನೂ ಪುರಾವೆ ಇಲ್ರಿ" ಎಂದಳು ಯಾಮಿನಿ.

"ಡಾಕ್ಟರ್, ಅಮ್ಮ ಸೇಸ್ ಯು ವರ್ ರೈಟ್" ಎಂದಳು ನಿಶಾ. "ಅಂಡ್ ಷಿ ವಿಲ್ ನೆವರ್ ಟಾಕ್ ಅಬೌಟ್ ಮೈ ಟೀತ್ ಅಗೇನ್."

ನಾನು ಯಾವಾಗ ಹೇಳಿದೆ? ಬಟ್ಟೆ ಕಚ್ಚಿಕೊಂಡೇ ಎಷ್ಟು ಕೂಗಬಹುದೋ ಅಷ್ಟು ಕೂಗಿದೆ. "ಥ್ಯಾಂಕ್ಸ್ ಹೇಳ್ತಿದಾಳೆ" ಎಂದರು ಇವರು.

ಹೊರಡುವಾಗ ಯಾಮಿನಿ ಡಬ್ಬಿಯ ಕಡೆ ನೋಡಿ, ತುಸು ಸಂಕೋಚದಿಂದ, "ಅಕ್ಕಾ, ತಿನ್ನಾಕಲ್ಲ, ಬ್ಯಾರೆ ಒಂದಕ್ಕ ಎರಡು ಕೊಡಬಳಿ ಇಲ್ಲೇ ಇಟ್ಕೊಳ್ಳಲೇನ್ರಿ?" ಎಂದಳು. ಯಾತಕ್ಕೆ ಎಂದು ಕೇಳಲು ನನಗೆ ಬಾಯಿರಲಿಲ್ಲ. ಕಡೆಗೂ ನನ್ನ ಕೊಡಬಳೆಗೆ ಬೆಲೆ ಬಂತಲ್ಲ, ಮನೆಯಲ್ಲಿ ಚಂದಕ್ಕೆ ಇಟ್ಟುಕೊಳ್ಳುತ್ತಾಳೇನೋ ಎಂದುಕೊಂಡು ಗಂಭೀರವಾಗಿ ತಲೆ ಆಡಿಸಿ ಕನ್ಸೆಂಟು ಕೊಟ್ಟೆ.

ಅದಾಗಿ ಇವತ್ತಿಗೆ ಕೆಲವು ದಿನ. ನಿಶಾ ಮೂರು ಹೊತ್ತೂ ಮೆತ್ತಗೆ ಅನ್ನ ಕಲಸಿ ತಿಳಿಸಾರು ಹಾಕಿ ಕೊಡುತ್ತಿದ್ದಾಳೆ. ಉಪ್ಪು ಹೆಚ್ಚಾಗಿರುತ್ತದೆ, ಹೇಳಲು ಆಗುತ್ತಿಲ್ಲ. ಬೆಳಿಗ್ಗೆ ಸುಶೀಲಾ ಅವರ ಫೋನು ಬಂತು.

"ವಸುಂಧರಾ, ಪೊರಿರುವಾದಲ್ಲಿ ಯಾಮಿನಿ ಕ್ಲಿನಿಕ್‌ಗೆ ಹೋಗಿದ್ದೆ. ರಿಸೆಪ್ಷನ್‌ನಲ್ಲಿ ಒಂದು ಗಾಜಿನ ಬಾಟಲಿ ಇಟ್ಟಿದಾಳೆ. ಪೇಷಂಟುಗಳು ಏನೇನು ಕಚ್ಚಬಾರದು ಅಂತ ತೋರಿಸೋಕಂತೆ. ಐಸ್ ತುಂಡಿನ ಪ್ಲಾಸ್ಟಿಕ್ ಬೊಂಬೆ ಇದೆ, ಕಲ್ಲುಸಕ್ಕರೆ ಇದೆ, ಎರಡು ಕೊಡಬಳೆ ಇದೆ. ಹೆಸರು ಹಾಕಿಲ್ಲ ಕಣ್ರೀ. ಆದ್ರೂ ನೋಡಿದ ತಕ್ಷಣ ನಿಮ್ಮನೇದೇ ಅಂತ ಗೊತ್ತಾಗೋಯ್ತು!"

ಛಾವಣಿ ಮೇಲಿನ ಸೋಫಾದ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ದವಡೆ ಇನ್ನೂ ಒಂದು ಬೆರಳಿನಷ್ಟೂ ತೆರೆಯುತ್ತಿಲ್ಲ.

"ಹ್ಞೂಂ" ಎಂದೆ.